ಹೊಟ್ಟೆನೋವೆಂಬ ಕಾರಣ

ಚೆನ್ನೈಯಿಂದ ಕೋಲ್ಕತ್ತದ ಕಡೆಗೆ ಸಾಗುವ 16ನೆಯ ರಾಷ್ಟ್ರೀಯ ಹೆದ್ದಾರಿಯೂ, ಪುಣೆ ಹೈದರಾಬಾದುಗಳನ್ನು ದಾಟಿ ಮಚಲೀಪಟ್ಟಣದ ಕಡಲಿಗೆ ಇಳಿಯುವ 65ನೆಯ ಹೆದ್ದಾರಿಯೂ ವಿಜಯವಾಡ ನಗರದಲ್ಲಿ ಒಂದನ್ನೊಂದು ಸಂಧಿಸುವ ಸ್ಥಳಕ್ಕೆ ಬೆಂಜ್ ಸರ್ಕಲ್ ಎಂದು ಹೆಸರು. ಮೇಲ್ಸೇತುವೆಯ ಮೇಲೆ ಲಾರಿಗಳ ಸಾಲು, ಕೆಳಗೆ ಆಟೋಗಳ ನೂಕುನುಗ್ಗಲು, ಸುತ್ತಲೂ ಅಂಗಡಿ ಮಳಿಗೆಗಳು. ಮನಸ್ಸಿನ ವ್ಯಥೆಯನ್ನು ಕುರಿತು ಪರ್ಯಾಲೋಚಿಸುವುದಕ್ಕೆ ಇಷ್ಟು ಅನುಚಿತವಾದ ಸ್ಥಳ ಇನ್ನೊಂದಿಲ್ಲವೆಂದು ದಾರಿಹೋಕನಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಈ ಗದ್ದಲದ ಮಗ್ಗುಲಿನಲ್ಲಿಯೇ, ಪಟಮಟ ಭಾಗದಲ್ಲಿ, ಗೋರಾ ದಂಪತಿಗಳ ನಾಸ್ತಿಕ ಕೇಂದ್ರವೂ ಅದೇ ಕುಟುಂಬದ ಪ್ರಯತ್ನದಿಂದ 1969ರಲ್ಲಿ ಹುಟ್ಟಿದ ವಾಸವ್ಯ ಮಹಿಳಾ ಮಂಡಲಿಯೂ ಇವೆ. ಸಂಕಟಕ್ಕೆ ಸಿಕ್ಕಿದ ಸ್ತ್ರೀಯರ ಮತ್ತು ಮಕ್ಕಳ ಅಳಲನ್ನು ಕೇಳುವುದೇ ಒಂದು ವೃತ್ತಿಯೆಂದು ಈ ನಗರ ಅರ್ಧ ಶತಮಾನಕ್ಕೂ ಹಿಂದೆಯೇ ಒಪ್ಪಿಕೊಂಡಿತೆಂಬುದಕ್ಕೆ ಈ ಮಂಡಲಿಯೇ ಸಾಕ್ಷಿ.

ಗೋರಾ ಎಂದು ಪ್ರಸಿದ್ಧರಾದ ಗೋಪರಾಜು ರಾಮಚಂದ್ರರಾಯರು ಸಸ್ಯಶಾಸ್ತ್ರದ ಅಧ್ಯಾಪಕರು. ದೇವರನ್ನು ಒಪ್ಪದೆ ಗಾಂಧೀಜಿಯವರನ್ನು ಒಪ್ಪಿದವರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರು ಗ್ರಾಮದಲ್ಲಿ ಅವರೂ ಅವರ ಪತ್ನಿ ಸರಸ್ವತಿಯವರೂ ಸ್ಥಾಪಿಸಿದ ಕೇಂದ್ರ 1947ರಲ್ಲಿ ವಿಜಯವಾಡಕ್ಕೆ ಬಂದಿತು. ಗ್ರಹಣಕಾಲದಲ್ಲಿ ಗರ್ಭಿಣಿಯರು ಹೊರಗೆ ಬರಬಾರದೆಂಬ ಭಯವನ್ನು ತಾವೇ ಮುರಿದು ತೋರಿಸಿದ ಆ ಸರಸ್ವತಿ ಗೋರಾ ಅವರಿಗೆ ಕರ್ನಾಟಕ ಸರಕಾರ ಬಸವ ಪುರಸ್ಕಾರವನ್ನು ಕೊಟ್ಟು ಗೌರವಿಸಿತೆಂಬುದು ಕನ್ನಡಿಗರಲ್ಲಿ ಅನೇಕರಿಗೆ ಮರೆತುಹೋದ ಸಂಗತಿ. ಅವರ ಸೊಸೆ ಹೇಮಲತಾ ಲವಣಂ ನಿಜಾಮಾಬಾದಿನಲ್ಲಿ ದೇವರಿಗೆ ಬಿಡಲ್ಪಟ್ಟ ಜೋಗಿಣಿಯರ ನಡುವೆ ದುಡಿದರು. ಮಗಳು ಚೆನ್ನುಪಾಟಿ ವಿದ್ಯಾ ವಾಸವ್ಯ ಮಂಡಲಿಯನ್ನು ಕಟ್ಟಿ, 1980ರಲ್ಲಿಯೂ 1989ರಲ್ಲಿಯೂ ವಿಜಯವಾಡದಿಂದ ಲೋಕಸಭೆಗೆ ಆಯ್ಕೆಯಾದರು. ವೈಚಾರಿಕ ಚಳವಳಿಯೊಂದು ಕಾಲಕ್ರಮದಲ್ಲಿ ಮನೆಯೊಳಗಿನ ಹಿಂಸೆಯ ಪ್ರಶ್ನೆಗೆ ಬಂದು ನಿಂತುದು ನನಗೆ ಆಕಸ್ಮಿಕವೆಂದು ತೋರುವುದಿಲ್ಲ. ದೆವ್ವದ ಭಯವನ್ನು ಬಿಡಿಸಹೊರಟವರಿಗೆ ಗಂಡನ ಭಯ ಬಹುಕಾಲ ಕಾಣದೆ ಇರುವುದು ಸಾಧ್ಯವಿಲ್ಲ.

ಹಿಂಸೆ ಶರೀರಕ್ಕೆ ಮಾಡುವ ಹಾನಿಯನ್ನು ಅಳೆಯುವುದು ಸುಲಭ. ಮನಸ್ಸಿಗೆ ಮಾಡುವ ಹಾನಿ ವೈದ್ಯನ ಬಳಿಗೆ ಬರುವಾಗ ತನ್ನ ಹೆಸರನ್ನು ತಾನೇ ಮರೆಮಾಚಿಕೊಂಡು ಬರುತ್ತದೆ. ನಮ್ಮ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾದರೂ ಒಂದು ಬೆಳಗ್ಗೆ ಕುಳಿತು ನೋಡಿದವರಿಗೆ ಈ ದೃಶ್ಯ ಅಪರಿಚಿತವಲ್ಲ: ಇಪ್ಪತ್ತೆರಡು ಇಪ್ಪತ್ತಮೂರರ ಹೆಣ್ಣುಮಗಳು, ಕಂಕುಳಲ್ಲಿ ಕೂಸು, “ಸುಸ್ತು ಡಾಕ್ಟ್ರೇ, ಊಟ ಸೇರಲ್ಲ, ಎದೆ ಢವಢವ ಅಂತದೆ, ರಾತ್ರಿಯೆಲ್ಲ ನಿದ್ದೆ ಇಲ್ಲ, ಬಿಳಿ ಹೋಗ್ತದೆ” ಎಂದು ತಲೆ ತಗ್ಗಿಸಿ ಹೇಳುತ್ತಾಳೆ. ಮುಂಗೈಯ ಮೇಲೆ ನೀಲಿಗಟ್ಟಿದ ಗುರುತೇನೆಂದು ಕೇಳಿದರೆ ಬಾಗಿಲು ತಗುಲಿತಂತೆ. ಆಕೆ ಇನ್ನೇನನ್ನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ನಿಂತ ಅತ್ತೆ, “ಏನಿಲ್ಲ ಸಾರ್, ಸರಿಯಾಗಿ ಉಣ್ಣಲ್ಲ ಇವಳು, ಒಂದು ಟಾನಿಕ್ ಬರ್ಕೊಡಿ” ಎನ್ನುತ್ತಾಳೆ. ಹೊರಗೆ ಇನ್ನೂ ನಲವತ್ತು ಮಂದಿಯ ಸಾಲಿದೆ. ವೈದ್ಯನು ಬಿ-ಕಾಂಪ್ಲೆಕ್ಸ್ ಬರೆದುಕೊಡುತ್ತಾನೆ. ಚೀಟಿಯ ಮೇಲೆ ‘ನಿಶ್ಶಕ್ತಿ’ ಎಂದಾಗುತ್ತದೆ. ಸುಳ್ಳನ್ನು ಇಲ್ಲಿ ಯಾರೂ ಪೂರ್ತಿಯಾಗಿ ಹೇಳಿಲ್ಲ, ಆದರೂ ಸತ್ಯ ಹೊರಬಿದ್ದಿಲ್ಲ.

ಇದು ಕೇವಲ ಊಹೆಯಲ್ಲ. ಗೋವೆಯಲ್ಲಿ ಮನೋವೈದ್ಯ ವಿಕ್ರಮ್ ಪಟೇಲರೂ ಅವರ ಸಂಗಡಿಗರೂ ಈ ಶತಮಾನದ ಆದಿಯಲ್ಲಿ ಸಾವಿರಾರು ಸ್ತ್ರೀಯರನ್ನು ಕಂಡು ನಡೆಸಿದ ಸಮೀಕ್ಷೆಗಳಲ್ಲಿ, ಬಿಳಿ ಹೋಗುತ್ತದೆಂಬ ದೂರಿಗೆ ಸೋಂಕಿಗಿಂತಲೂ ಮನಸ್ಸಿನ ಖಿನ್ನತೆಯೂ ಬಾಳಿನ ಸಂಕಟವೂ ಹೆಚ್ಚು ನಿಕಟವಾದ ಸಂಬಂಧವುಳ್ಳವೆಂದು ಕಂಡುಬಂದಿತು. ಗಂಡನಿಂದ ಹಿಂಸೆಗೊಳಗಾದವರಲ್ಲಿ ಖಿನ್ನತೆ ಆತಂಕಗಳು ಅಧಿಕವೆಂಬುದೂ ಸ್ಪಷ್ಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2013ರ ವರದಿ ಲೋಕದ ಅನೇಕ ದೇಶಗಳ ಲೆಕ್ಕವನ್ನು ಒಟ್ಟುಗೂಡಿಸಿ, ಸಂಗಾತಿಯಿಂದ ಪೆಟ್ಟು ತಿಂದ ಸ್ತ್ರೀಯರಿಗೆ ಖಿನ್ನತೆ ಬರುವ ಸಂಭವ ಇತರರಿಗಿಂತ ಹೆಚ್ಚುಕಡಮೆ ಎರಡರಷ್ಟೆಂದು ಹೇಳಿತು. ಆದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಭಾ ಚಂದ್ರ ಅವರ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದಾಗ ಆಗುವ ಕಳವಳ ಈ ದೊಡ್ಡ ಸಂಖ್ಯೆಗಳಿಂದ ಆಗುವುದಿಲ್ಲ. ತೀವ್ರ ಮನೋರೋಗಕ್ಕಾಗಿ ಒಳರೋಗಿಗಳಾಗಿ ಸೇರಿದ್ದ 146 ಸ್ತ್ರೀಯರನ್ನು ಏಕಾಂತದಲ್ಲಿ ಕೂರಿಸಿ ಕೇಳಲಾಗಿ, ಶೇಕಡಾ 34 ಮಂದಿ ತಮ್ಮ ಮೇಲೆ ಲೈಂಗಿಕ ಬಲಾತ್ಕಾರ ನಡೆದುದನ್ನು ಹೇಳಿದರು. ಹಾಗೆ ಮಾಡಿದವನೆಂದು ಎಲ್ಲರಿಗಿಂತ ಹೆಚ್ಚಾಗಿ ಹೇಳಲ್ಪಟ್ಟವನು ಗಂಡ ಅಥವಾ ಸಂಗಾತಿಯೇ. ಹೇಳಿದ 50 ಮಂದಿಯಲ್ಲಿ 30 ಮಂದಿ ಅದುವರೆಗೆ ಯಾರೊಡನೆಯೂ ಬಾಯಿ ಬಿಟ್ಟಿರಲಿಲ್ಲ. ದೇಶದ ಅಗ್ರಗಣ್ಯ ಮನೋರೋಗ ಸಂಸ್ಥೆಯ ಹಾಸಿಗೆಯ ಮೇಲೆ ಮಲಗಿದ್ದವರೂ, ಯಾರೋ ಒಬ್ಬರು ನೇರವಾಗಿ ಕೇಳುವವರೆಗೆ ಮೌನವಾಗಿದ್ದರೆಂದ ಮೇಲೆ, ಹಳ್ಳಿಯ ಆಸ್ಪತ್ರೆಯ ಸಾಲಿನಲ್ಲಿ ನಿಂತವಳ ಪಾಡನ್ನು ಬೇರೆ ವಿವರಿಸಬೇಕಾಗಿಲ್ಲ.

ಪೆಟ್ಟು ಕ್ಷಣಿಕ, ಪೆಟ್ಟಿನ ನಿರೀಕ್ಷೆ ದೀರ್ಘ. ಸಂಜೆ ಏಳರ ಹೊತ್ತಿಗೆ ಬೈಕಿನ ಸದ್ದನ್ನು ದೂರದಿಂದಲೇ ಗುರುತಿಸಿ, ಅದು ನಿಲ್ಲುವ ಬಗೆಯಿಂದಲೇ ಕುಡಿದು ಬಂದಿರುವನೋ ಇಲ್ಲವೋ ಎಂದು ತಿಳಿದು, ಮಕ್ಕಳನ್ನು ಪಕ್ಕದ ಮನೆಗೆ ಕಳುಹಿಸಬೇಕೇ ಬೇಡವೇ ಎಂದು ನಿರ್ಧರಿಸುವ ಹೆಂಗಸಿನ ಶರೀರದಲ್ಲಿ ಅಪಾಯದ ಗಂಟೆ ಎಂದೂ ಸುಮ್ಮನಾಗುವುದಿಲ್ಲ. ಕಾರ್ಟಿಸೋಲ್ ಮೊದಲಾದ ಸ್ರಾವಗಳು ಅಪಾಯ ಕಳೆದ ಮೇಲೆ ಇಳಿಯತಕ್ಕವು, ಅಪಾಯ ಕಳೆಯದ ಮನೆಯಲ್ಲಿ ಇಳಿಯುವುದಕ್ಕೆ ಅವಕಾಶವನ್ನೇ ಕಾಣುವುದಿಲ್ಲ. ನಿದ್ರೆ ಕೆಡುತ್ತದೆ, ನೆನಪು ಚದುರುತ್ತದೆ, ಸಣ್ಣ ಸದ್ದಿಗೂ ಮೈ ನಡುಗುತ್ತದೆ, ಕಡೆಗೆ ಯಾವ ಭಾವವೂ ಹುಟ್ಟದಂಥ ಒಂದು ಜಡತೆ ಆವರಿಸುತ್ತದೆ. ‘ಮುಟ್ಟಿದರೆ ಮರದ ಹಾಗಿದ್ದಾಳೆ’ ಎಂದು ಮನೆಯವರು ಆಡುವ ದೂರು ಎಷ್ಟೋ ವೇಳೆ ಈ ಸ್ಥಿತಿಯನ್ನು ಕುರಿತದ್ದೇ. ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ಬರ್ಜೆಸ್ ಮತ್ತು ಹೋಲ್ಮ್‌ಸ್ಟ್ರಾಮ್ ಎಂಬಿಬ್ಬರು ಅತ್ಯಾಚಾರಕ್ಕೊಳಗಾದವರ ಮನಃಸ್ಥಿತಿಯನ್ನು 1974ರಲ್ಲಿ ಕ್ರಮಬದ್ಧವಾಗಿ ವರ್ಣಿಸುವವರೆಗೆ ವೈದ್ಯಶಾಸ್ತ್ರದಲ್ಲಿ ಇದಕ್ಕೆ ನೆಲೆಯೇ ಇರಲಿಲ್ಲ. ಯುದ್ಧದಿಂದ ಮರಳಿದ ಸೈನಿಕನಿಗೆ ದೊರೆತ ರೋಗನಾಮ ಮನೆಯೊಳಗಿನ ಸ್ತ್ರೀಗೆ ದೊರೆಯಲು ಮತ್ತಷ್ಟು ಕಾಲ ಹಿಡಿಯಿತು.

ಈಗ ಸಂಖ್ಯೆಗಳ ವಿಚಾರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ, ಎಂದರೆ 2015–16ರಲ್ಲಿ, ಗಂಡನಿಂದ ಹಿಂಸೆಯನ್ನು ಅನುಭವಿಸಿದುದಾಗಿ ಹೇಳಿದ ವಿವಾಹಿತೆಯರ ಪ್ರಮಾಣ ಕರ್ನಾಟಕದಲ್ಲಿ ಶೇಕಡಾ 20.6 ಇತ್ತು, ಐದನೆಯ ಸುತ್ತಿನಲ್ಲಿ ಅದು 44.4ಕ್ಕೆ ಏರಿ ದೇಶದಲ್ಲಿಯೇ ಅತ್ಯಧಿಕವೆನಿಸಿತು. ಇತ್ತ ಆಂಧ್ರದಲ್ಲಿ ಅದೇ ಅವಧಿಯಲ್ಲಿ ಸುಮಾರು 43ರಿಂದ 30ಕ್ಕೆ ಇಳಿಯಿತು. ಕರ್ನಾಟಕದ ಏರಿಕೆಗೆ ಕೊರೋನಾ ಕಾಲದ ದಿಗ್ಬಂಧನವೇ ಕಾರಣವೆಂದು ಹೇಳುವುದುಂಟು. ಆದರೆ ಕರ್ನಾಟಕ ಆಂಧ್ರಗಳೆರಡರಲ್ಲಿಯೂ ಈ ಸಮೀಕ್ಷೆಯ ಕ್ಷೇತ್ರಕಾರ್ಯ 2019ರ ಜೂನ್ ಮತ್ತು 2020ರ ಜನವರಿಯ ನಡುವೆಯೇ, ದಿಗ್ಬಂಧನಕ್ಕೆ ಮುಂಚೆಯೇ, ಮುಗಿದಿದ್ದುದರಿಂದ ಆ ಸಮಾಧಾನ ನಿಲ್ಲುವುದಿಲ್ಲ. ನಾಲ್ಕೇ ವರ್ಷಗಳಲ್ಲಿ ಕನ್ನಡ ನಾಡಿನ ಗಂಡಸರ ಕ್ರೌರ್ಯ ಇಮ್ಮಡಿಯಾಯಿತೆನ್ನುವುದೂ, ತೆಲುಗರು ಮೂರರಲ್ಲೊಂದು ಪಾಲು ಸಾಧುಗಳಾದರೆನ್ನುವುದೂ ಸಮಾನವಾಗಿ ಅಸಂಭವ. ಯಾರು ಕೇಳಿದರು, ಎಲ್ಲಿ ಕೂರಿಸಿ ಕೇಳಿದರು, ಅತ್ತೆಯನ್ನು ಹೊರಗೆ ಕಳುಹಿಸಿ ಕೇಳಿದರೋ ಒಳಗಿಟ್ಟುಕೊಂಡೇ ಕೇಳಿದರೋ ಎಂಬುದರ ಮೇಲೆ ಈ ಅಂಕಗಳು ಎಷ್ಟರಮಟ್ಟಿಗೆ ಅವಲಂಬಿಸಿವೆಯೆಂಬುದನ್ನು ಬಲ್ಲವರು, 44.4ನ್ನು ಕಂಡು ನಾಚುವುದಕ್ಕಿಂತ ಹೆಚ್ಚಾಗಿ 20.6ನ್ನು ಸಂಶಯದಿಂದ ನೋಡುತ್ತಾರೆ. ಹಿಂಸೆಯನ್ನು ಅನುಭವಿಸಿದವರಲ್ಲಿ ನೆರವು ಕೇಳಿದವರು ದೇಶದಲ್ಲಿ ಶೇಕಡಾ 14 ಮಾತ್ರವೆಂದೂ, ಯಾರಿಗೂ ಹೇಳದೆಯೂ ಯಾರನ್ನೂ ಕೇಳದೆಯೂ ಇದ್ದವರು 77 ಎಂದೂ ಅದೇ ಸಮೀಕ್ಷೆ ತಿಳಿಸುತ್ತದೆ.

ಮೌನಕ್ಕೆ ಭಯವೊಂದೇ ಕಾರಣವಲ್ಲ, ಸಮ್ಮತಿಯೂ ಕಾರಣ. ಅನ್ನ ಸೀದರೆ, ಮಕ್ಕಳನ್ನು ಅಲಕ್ಷಿಸಿದರೆ, ಅತ್ತೆಮಾವಂದಿರಿಗೆ ಎದುರಾಡಿದರೆ, ಹೇಳದೆ ಹೊರಗೆ ಹೋದರೆ ಗಂಡನು ಹೊಡೆಯುವುದು ಸರಿಯೇ ಎಂಬ ಅದೇ ಸಮೀಕ್ಷೆಯ ಪ್ರಶ್ನೆಗೆ, ಯಾವುದಾದರೊಂದು ಕಾರಣಕ್ಕೆ ಸರಿಯೆಂದವರು ಆಂಧ್ರದ ಸ್ತ್ರೀಯರಲ್ಲಿ ಶೇಕಡಾ 83.6, ಕರ್ನಾಟಕದ ಸ್ತ್ರೀಯರಲ್ಲಿ 76.9, ಕರ್ನಾಟಕದ ಪುರುಷರಲ್ಲಿ 81.9. ‘ಹೊಂದಿಕೊಂಡು ಹೋಗಬೇಕಮ್ಮ’ ಎಂದು ತವರಿನಿಂದ ಮಗಳನ್ನು ಮರಳಿ ಬಸ್ಸು ಹತ್ತಿಸುವ ತಾಯಿ ದುಷ್ಟಳಲ್ಲ. ಆಕೆಯೂ ಹಾಗೆಯೇ ಹತ್ತಿಸಲ್ಪಟ್ಟವಳು. ಹೊರಗಿನವನು ಹೊಡೆದರೆ ಊರೆಲ್ಲ ಸೇರಿ ಅನ್ಯಾಯವೆನ್ನುತ್ತದೆ. ಮನೆಯವನು ಹೊಡೆದಾಗ ಅದೇ ಊರು, ‘ನೀನೇನು ಮಾಡಿದೆ?’ ಎಂದು ಕೇಳುತ್ತದೆ. ಆ ಪ್ರಶ್ನೆಯನ್ನು ಸ್ತ್ರೀ ತನಗೆ ತಾನೇ ಹಾಕಿಕೊಳ್ಳಲಾರಂಭಿಸಿದ ದಿನ ಖಿನ್ನತೆಗೆ ಮನೆಯಲ್ಲಿ ಸ್ಥಿರವಾದ ಆಸನ ಸಿಕ್ಕಿತೆಂದು ತಿಳಿಯಬೇಕು.

ವಿದ್ಯೆ, ಸಂಪಾದನೆ, ಸ್ವಂತ ಆಯ್ಕೆಯ ವಿವಾಹ ಇವು ದೊರೆತರೆ ಹಿಂಸೆ ತಾನಾಗಿ ಅಳಿಯುವುದೆಂಬ ನಮ್ಮ ಸುಧಾರಕರ ಭರವಸೆಯನ್ನೂ ಪರೀಕ್ಷಿಸಬೇಕಾಗಿದೆ. ಬೆಂಗಳೂರಿನ ಬಡ ಬಡಾವಣೆಗಳ 744 ಮಂದಿ ಎಳೆಯ ವಿವಾಹಿತೆಯರನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪೆಟ್ಟು ತಿಂದವರಾಗಿದ್ದುದಲ್ಲದೆ, ಪ್ರೇಮವಿವಾಹವಾದವರಿಗೂ, ಸಂಘಗಳಿಗೋ ಕಸುಬಿನ ತರಬೇತಿಗೋ ಹೋಗುತ್ತಿದ್ದವರಿಗೂ ಅಪಾಯ ಹೆಚ್ಚೇ ಎಂದು ಕಂಡಿತು. ಇದರಿಂದ ಸಂಘಗಳನ್ನು ಮುಚ್ಚಬೇಕೆಂದಾಗುವುದಿಲ್ಲ. ಮನೆಯ ಅಧಿಕಾರದ ತಕ್ಕಡಿ ಅಲುಗಿದಾಗ ಹೊಡೆತ ಹೆಚ್ಚುವ ಒಂದು ಘಟ್ಟವಿದೆಯೆಂದೂ, ಆ ಘಟ್ಟದಲ್ಲಿ ಆಕೆಯನ್ನು ಒಂಟಿಯಾಗಿ ಬಿಡಬಾರದೆಂದೂ ಮಾತ್ರ ಅರ್ಥವಾಗುತ್ತದೆ. ಪ್ರೇಮವಿವಾಹಿತೆಗೆ ಮರಳಿ ಹೋಗಲು ತವರೂ ಇರುವುದಿಲ್ಲ.

ಈ ಮೌನದ ತುದಿ ಎಲ್ಲಿಗೆ ಮುಟ್ಟುತ್ತದೆಂಬುದನ್ನು ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳು ಪ್ರತಿನಿತ್ಯ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತವೆ: ‘ಹೊಟ್ಟೆನೋವು ತಾಳಲಾರದೆ ಗೃಹಿಣಿ ಆತ್ಮಹತ್ಯೆ.’ ಹೊಟ್ಟೆನೋವು ಇಷ್ಟು ಮಂದಿ ತರುಣಿಯರನ್ನು ಕೊಲ್ಲುವ ರೋಗವೆಂದು ಯಾವ ವೈದ್ಯಗ್ರಂಥವೂ ಹೇಳುವುದಿಲ್ಲ. ಆದರೆ ಠಾಣೆಯ ಬರವಣಿಗೆಗೆ ಅದು ಅನುಕೂಲ, ಎರಡೂ ಕಡೆಯ ಬಂಧುಗಳಿಗೆ ಅನುಕೂಲ, ಉಳಿದ ಮಗುವಿನ ಹೆಸರಿಗೂ ಅನುಕೂಲ. ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ 2021ರ ವರದಿಯಲ್ಲಿ ಆತ್ಮಹತ್ಯೆಯಿಂದ ಸತ್ತ 45,026 ಸ್ತ್ರೀಯರ ಪೈಕಿ 23,178 ಮಂದಿ ಗೃಹಿಣಿಯರು. ಕಾರಣಗಳ ಪಟ್ಟಿಯಲ್ಲಿ ‘ಕೌಟುಂಬಿಕ ಸಮಸ್ಯೆ’ಯೂ ‘ಅನಾರೋಗ್ಯ’ವೂ ಸೇರಿ ಒಟ್ಟು ಆತ್ಮಹತ್ಯೆಗಳಲ್ಲಿ ಅರ್ಧವನ್ನು ಮೀರುತ್ತವೆ. ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದು 2018ರಲ್ಲಿ ಪ್ರಕಟಿಸಿದ ಗಣನೆಯ ಪ್ರಕಾರ 2016ರಲ್ಲಿ ಲೋಕದ ಸ್ತ್ರೀ ಆತ್ಮಹತ್ಯೆಗಳಲ್ಲಿ ಶೇಕಡಾ 36.6 ಭಾರತದವು. ಬೆಂಗಳೂರಿನ ವಿಮೋಚನಾ ಸಂಘಟನೆ 1990ರ ದಶಕದ ಕೊನೆಯಲ್ಲಿ, ಸುಟ್ಟಗಾಯಗಳಿಂದ ಸತ್ತ ತರುಣಿಯರ ಕಡತಗಳನ್ನು ಬೆನ್ನಟ್ಟಿ, ‘ಸ್ಟೌ ಸಿಡಿಯಿತು’ ಎಂಬ ಒಂದೇ ಕಥೆ ಪುನಃ ಪುನಃ ಬರೆಯಲ್ಪಡುತ್ತಿದ್ದುದನ್ನು ಬಯಲಿಗೆಳೆಯಿತು. ಗ್ಯಾಸ್ ಒಲೆ ಬಂದ ಮೇಲೆ ಸ್ಟೌ ಹೋಯಿತು, ಹೊಟ್ಟೆನೋವು ಉಳಿಯಿತು.

ಕಾದಂಬರಿಗಾರ್ತಿ ತ್ರಿವೇಣಿ (1928–1963) ತಮ್ಮ ಅಲ್ಪಾಯುಷ್ಯದಲ್ಲಿ ಈ ಕ್ಷೇತ್ರಕ್ಕೆ ಬೇಕಾದ ಕಣ್ಣನ್ನು ಕನ್ನಡಕ್ಕೆ ಕೊಟ್ಟುಹೋದರೆಂಬುದನ್ನು ಇಲ್ಲಿ ನೆನೆಯದಿರಲಾಗದು. ಅವರ ಶರಪಂಜರ ಕಾದಂಬರಿಯ ಕಾವೇರಿ ಆಸ್ಪತ್ರೆಯಿಂದ ಗುಣಮುಖಳಾಗಿ ಬಂದ ಮೇಲೆ ಮನೆಯವರ ಸಂಶಯದ ನೋಟವೇ ಆಕೆಯನ್ನು ಮತ್ತೆ ಕೆಡಹುತ್ತದೆ. 1970ರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದ ಚಿತ್ರವನ್ನು ನೋಡಿ ಕಣ್ಣೀರಿಟ್ಟ ಪ್ರೇಕ್ಷಕರು ಕಲ್ಪನಾ ಅವರ ಅಭಿನಯವನ್ನು ಹೊಗಳಿದಷ್ಟು ಆ ಮನೆಯನ್ನು ವಿಚಾರಿಸಲಿಲ್ಲ.

ಹದಿಹರೆಯದವರ ಪ್ರಶ್ನೆ ಇದಕ್ಕಿಂತಲೂ ಜಟಿಲ. ತಾಯಿಗೆ ಬಿದ್ದ ಪೆಟ್ಟನ್ನು ಕದದ ಸಂದಿಯಿಂದ ನೋಡಿದ ಮಗು ಪೆಟ್ಟು ತಿನ್ನದಿದ್ದರೂ ಗಾಯಗೊಂಡದ್ದೇ. ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿ ಪ್ರಕಟಿಸಿದ ವರದಿಯಲ್ಲಿ, ಮೂವರಲ್ಲಿಬ್ಬರು ದೈಹಿಕ ಹಿಂಸೆಯನ್ನೂ ಅರ್ಧಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನೂ ಅನುಭವಿಸಿದವರು. ಎರಡನೆಯದರಲ್ಲಿ ಅಸ್ಸಾಂ, ಬಿಹಾರ, ದೆಹಲಿಗಳೊಡನೆ ಆಂಧ್ರವೂ ಮುಂದೆ. ಗಂಡುಮಕ್ಕಳೂ ಹೆಣ್ಣುಮಕ್ಕಳಿಗೆ ಕಡಮೆಯಿಲ್ಲದಂತೆ ನೊಂದಿದ್ದರೆಂಬುದು ಅನೇಕರಿಗೆ ಅನಿರೀಕ್ಷಿತವಾಗಿತ್ತು. ಅದಕ್ಕೂ ಮುಂಚೆ, 1990ರ ದಶಕದ ಮೊದಲರ್ಧದಲ್ಲಿಯೇ, ಬೆಂಗಳೂರಿನ ಸಂವಾದ ಸಂಸ್ಥೆ ಕರ್ನಾಟಕದ ಶಾಲಾಕಾಲೇಜುಗಳ 348 ವಿದ್ಯಾರ್ಥಿನಿಯರನ್ನು ಕೇಳಿದಾಗ, ಹೆಚ್ಚುಕಡಮೆ ಅರ್ಧದಷ್ಟು ಮಂದಿ ಬಾಲ್ಯದಲ್ಲಿ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದವರಿದ್ದರೆಂದು ಹೇಳಿದ್ದರು. ಇಲ್ಲಿಯೂ ಕೇಳಿದ್ದರಿಂದಲೇ ಹೇಳಿದ್ದು.

ವಿಜಯವಾಡಕ್ಕೆ ಈ ವಯಸ್ಸಿನೊಡನೆ ವಿಶೇಷ ಸಂಬಂಧವಿದೆ. ಇಂಜಿನಿಯರಿಂಗ್ ವೈದ್ಯಕೀಯ ಪ್ರವೇಶಪರೀಕ್ಷೆಗಳಿಗೆ ತಯಾರುಮಾಡುವ ವಸತಿ ಕಾಲೇಜುಗಳು ಈ ನಗರದ ಸುತ್ತಮುತ್ತ ಹಬ್ಬಿದಷ್ಟು ದಕ್ಷಿಣದಲ್ಲಿ ಮತ್ತೆಲ್ಲಿಯಾದರೂ ಹಬ್ಬಿದ್ದರೆ ಹೈದರಾಬಾದಿನಲ್ಲಿ ಮಾತ್ರ. ನಮ್ಮ ಬಳ್ಳಾರಿ ರಾಯಚೂರುಗಳ ಕಡೆಯ ತಂದೆತಾಯಿಗಳೂ ಆಂಧ್ರದ ಕೋಚಿಂಗ್ ಎಂದರೆ ಗೌರವದಿಂದ ಕಾಣುತ್ತಾರೆ. ನಸುಕಿಗೆ ಎದ್ದು, ನಡುರಾತ್ರಿಯ ಸಮೀಪದವರೆಗೆ ಓದಿ, ವಾರದ ಪರೀಕ್ಷೆಯ ಅಂಕದ ಪ್ರಕಾರ ತರಗತಿಯಿಂದ ತರಗತಿಗೆ ತಳ್ಳಲ್ಪಡುವ ಹದಿನಾರರ ಹುಡುಗಿಗೆ ಭಾನುವಾರದಂದು ಮನೆಗೆ ಫೋನು ಮಾಡಲು ಸಿಗುವ ಕೆಲವು ನಿಮಿಷಗಳಲ್ಲಿ, ಹಿಂದೆ ಇನ್ನೂ ಹತ್ತು ಮಂದಿ ಕಾದು ನಿಂತಿರುವಾಗ, “ಊಟ ಮಾಡಿದ್ಯಾ? ಎಷ್ಟು ಬಂತು?” ಎಂಬ ಎರಡು ಪ್ರಶ್ನೆಗಳಿಗೆ ಮಾತ್ರ ಸ್ಥಳವಿರುತ್ತದೆ. ಅವಿಭಜಿತ ಆಂಧ್ರದ ಸರಕಾರ 2001ರಲ್ಲಿಯೇ ನೀರದಾ ರೆಡ್ಡಿ ಸಮಿತಿಯನ್ನು ನೇಮಿಸಬೇಕಾದಷ್ಟು ಆತ್ಮಹತ್ಯೆಗಳು ಈ ಕಾಲೇಜುಗಳಲ್ಲಿ ಆಗಿದ್ದವು. 2017ರಲ್ಲಿ ಮತ್ತೆ ಚಕ್ರಪಾಣಿ ಸಮಿತಿ ಬಂದಿತು. ಇಲ್ಲಿ ಒಂದು ವಿಚಿತ್ರವಾದ ಬಿರುಕು ಕಣ್ಣಿಗೆ ಬೀಳುತ್ತದೆ. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುವ 2009ರ ಶಿಕ್ಷಣ ಹಕ್ಕು ಕಾಯಿದೆಯ ರಕ್ಷೆ ಹದಿನಾಲ್ಕು ವರ್ಷಕ್ಕೆ ನಿಲ್ಲುತ್ತದೆ. ಗೃಹಹಿಂಸೆಯನ್ನು ಎಣಿಸುವ ಕುಟುಂಬ ಸಮೀಕ್ಷೆಯ ಆ ಅಂಕಗಳು ಹದಿನೆಂಟಕ್ಕೆ ಆರಂಭವಾಗುತ್ತವೆ. ನಡುವಣ ನಾಲ್ಕು ವರ್ಷಗಳು, ಎಂದರೆ ಅನೇಕ ಮನೋರೋಗಗಳು ಮೊದಲು ತಲೆದೋರುವ ವಯಸ್ಸು, ಈ ಎರಡು ಪುಸ್ತಕಗಳ ನಡುವೆ ಬಿದ್ದುಹೋಗಿದೆ.

ಚಿಕಿತ್ಸೆಯ ಕಡೆಗೆ ತಿರುಗಿದರೆ, ಕನ್ನಡ ನಾಡಿಗೆ ಹೆಮ್ಮೆಪಡಬಹುದಾದ ಒಂದು ಚರಿತ್ರೆಯಿದೆ. ಮನೋಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಇಳಿಸಿ ಹಳ್ಳಿಯ ವೈದ್ಯನ ಕೈಗೆ ಕೊಡುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ನಡೆಸಿದುದು ಆಂಧ್ರದ ಗಡಿಯ ಬಳ್ಳಾರಿಯಲ್ಲಿ. ಅದೇ ಮಾದರಿ 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾದಾಗ ಮೊದಲ ನಾಲ್ಕು ಜಿಲ್ಲೆಗಳಲ್ಲಿ ಅಂದಿನ ಆಂಧ್ರದ ಮೇದಕ್ ಒಂದು. 2014ರಲ್ಲಿ ರಾಜ್ಯ ಒಡೆದಾಗ ಹೈದರಾಬಾದಿನ ಎರ್ರಗಡ್ಡೆಯ ಆಸ್ಪತ್ರೆ ತೆಲಂಗಾಣಕ್ಕೆ ಹೋಗಿ, ವಿಶಾಖಪಟ್ಟಣದ ಹಳೆಯ ಸರಕಾರಿ ಮಾನಸಿಕ ಆಸ್ಪತ್ರೆಯ ಮೇಲೆ ಉಳಿದ ಆಂಧ್ರದ ಭಾರ ಬಿದ್ದಿತು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕವೂ ಇಲ್ಲ, ಆಂಧ್ರವೂ ಇಲ್ಲ. ಕೋಲಾರದಲ್ಲಿ ಪೂರ್ವಪ್ರಯೋಗ ಮಾತ್ರ ನಡೆಯಿತು. ಹದಿಮೂರರಿಂದ ಹದಿನೇಳರವರಲ್ಲಿ ಶೇಕಡಾ 7.3 ಮಂದಿಗೆ ಮನೋವ್ಯಾಧಿಯಿದೆಯೆಂದು ಆ ರಾಷ್ಟ್ರೀಯ ಸಮೀಕ್ಷೆ ಕಂಡುಕೊಂಡಿತು. 2022ರ ಅಕ್ಟೋಬರಿನಿಂದ 14416 ಸಂಖ್ಯೆಗೆ ಕರೆಮಾಡಿದರೆ ಟೆಲಿಮನಸ್ ಎಂಬ ಉಚಿತ ಸೇವೆ ದೊರೆಯುತ್ತದೆ.

ಹಿಂಸೆಗೆ ಸಿಕ್ಕಿದವರಿಗೆ ಬೇರೆಯೇ ಸಾಲಿನ ಸಂಸ್ಥೆಗಳಿವೆ: ಕರ್ನಾಟಕದ ಸಾಂತ್ವನ ಕೇಂದ್ರಗಳು, 2015ರಿಂದೀಚೆಗೆ ದೇಶದಾದ್ಯಂತ ಸಖಿ ಕೇಂದ್ರಗಳು, 181ರ ಸಹಾಯವಾಣಿ. ದೋಷ ಈ ಎರಡು ಸಾಲುಗಳೂ ಪರಸ್ಪರ ಪರಿಚಯವಿಲ್ಲದೆ ನಡೆಯುತ್ತಿರುವುದರಲ್ಲಿದೆ. ಮನೋವೈದ್ಯನು ಖಿನ್ನತೆಗೆ ಮಾತ್ರೆ ಕೊಟ್ಟು ಅದೇ ಮನೆಗೆ ಕಳುಹಿಸುತ್ತಾನೆ. ಠಾಣೆಯ ಆಪ್ತಸಮಾಲೋಚನೆ ಬಹುಸಾರಿ ರಾಜಿಯ ಮರ್ಯಾದಸ್ಥ ಹೆಸರಾಗಿ, ಇಬ್ಬರಿಂದಲೂ ಒಂದು ಮುಚ್ಚಳಿಕೆ ಬರೆಸಿಕೊಳ್ಳುವುದರಲ್ಲಿ ಮುಗಿಯುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆ ಮಾತಿನ ಹಿಂಸೆಯನ್ನೂ ಭಾವನೆಯ ಹಿಂಸೆಯನ್ನೂ ಹಿಂಸೆಯೆಂದೇ ಒಪ್ಪಿದೆ. ಅದಕ್ಕೂ ಮುಂಚೆ, 1983ರಲ್ಲಿ ದಂಡಸಂಹಿತೆಗೆ ಸೇರಿದ, ಗಂಡನ ಮನೆಯವರ ಕ್ರೌರ್ಯವನ್ನು ಕುರಿತ 498ಎ ಕಲಮು ಕೂಡ ‘ಮಾನಸಿಕ ಅಥವಾ ದೈಹಿಕ ಆರೋಗ್ಯ’ ಎಂದೇ ಹೇಳಿತ್ತು. ಆದರೆ ನ್ಯಾಯಾಲಯದಲ್ಲಿ ಮೂಳೆ ಮುರಿದುದಕ್ಕೆ ಎಕ್ಸ್‌ರೇ ಇದೆ, ಮನಸ್ಸು ಮುರಿದುದಕ್ಕೆ ಪ್ರಮಾಣಪತ್ರ ಬರೆಯುವ ಅಭ್ಯಾಸ ವೈದ್ಯರಿಗಿನ್ನೂ ಬಂದಿಲ್ಲ. ಹೊಡೆಯುವವನ ಚಿಕಿತ್ಸೆಯನ್ನು ಕೇಳುವವರಂತೂ ಅಪರೂಪ. ನಿಮ್ಹಾನ್ಸ್‌ನಲ್ಲಿ ವೀಣಾ ಸತ್ಯನಾರಾಯಣ ಅವರು ಕುಡಿತಕ್ಕೂ ಹೊಡೆತಕ್ಕೂ ದಾಸರಾದ ಗಂಡಂದಿರನ್ನೇ ಕೂರಿಸಿ ನಡೆಸಿದ ಪ್ರಯೋಗ, ಪತ್ನಿಯರ ಮನಃಸ್ಥಿತಿಯನ್ನೂ ಸುಧಾರಿಸಬಲ್ಲುದೆಂದು ತೋರಿಸಿತು. ಬಿಹಾರದ ನಲಂದಾ ಜಿಲ್ಲೆಯ ಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಮಕ್ಕಳಿಗಾಗಿ ರೂಪಿಸಿದ ಒಂದೇ ಕಾರ್ಯಕ್ರಮವನ್ನು ಶಿಕ್ಷಕರು ನಡೆಸಿದಾಗ ಫಲ ದೊರೆಯಲಿಲ್ಲ. ತರಬೇತಾದ ಸಾಮಾನ್ಯ ಸಲಹೆಗಾರರು ನಡೆಸಿದಾಗ ಮಕ್ಕಳ ಖಿನ್ನತೆಯೂ ಶಾಲೆಯೊಳಗಿನ ಹಿಂಸೆಯೂ ಇಳಿದುವು. ಬೆತ್ತ ಹಿಡಿಯಬಲ್ಲ ಕೈಗೆ ಗುಟ್ಟನ್ನು ಒಪ್ಪಿಸಲು ಮಕ್ಕಳು ಹಿಂಜರಿಯುವುದು ಸಹಜವಲ್ಲವೇ?

ಕೇಳಿದರೆ ಹೇಳುತ್ತಾರೆಂದು ಇಷ್ಟು ಹೊತ್ತು ವಾದಿಸಿದ ಮೇಲೆ, ಕೇಳುವುದಕ್ಕೇ ಅಡ್ಡಿಯಾಗುವ ಒಂದು ಸಂಗತಿಯನ್ನು ಹೇಳದೆ ಬಿಡುವುದು ಸಲ್ಲದು. 2012ರ ಪೋಕ್ಸೋ ಕಾಯಿದೆಯ 19ನೆಯ ಕಲಮು, ಹದಿನೆಂಟಕ್ಕೆ ಕೆಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದುದು ಯಾರಿಗೆ ತಿಳಿದುಬಂದರೂ ಅವರು ಪೊಲೀಸರಿಗೆ ವರದಿ ಮಾಡಲೇಬೇಕೆಂದು ವಿಧಿಸುತ್ತದೆ, ಮಾಡದಿದ್ದರೆ ಶಿಕ್ಷೆ. ದಶಕಗಳ ಕಾಲ ಮನೆಯ ಹಿರಿಯರೂ ಶಾಲೆಯ ಮುಖ್ಯಸ್ಥರೂ ಇಂಥವನ್ನು ಮುಚ್ಚಿಹಾಕಿದ ದೇಶದಲ್ಲಿ ಈ ವಿಧಿಯ ಉದ್ದೇಶವನ್ನು ಆಕ್ಷೇಪಿಸುವುದು ಕಷ್ಟ. ಆದರೆ ಹದಿನಾರರ ಹುಡುಗಿ ಸಲಹೆಗಾರ್ತಿಯ ಎದುರು ಕುಳಿತು ಕೇಳುವ ಮೊದಲ ಮಾತು, “ಅಕ್ಕ, ಯಾರಿಗೂ ಹೇಳಲ್ಲ ತಾನೆ?” ಎಂಬುದೇ. ಹೇಳುವುದಿಲ್ಲವೆಂದರೆ ಕಾನೂನಿಗೆ ದ್ರೋಹ. ಹೇಳಲೇಬೇಕೆಂದರೆ, ಹುಡುಗಿ ಎದ್ದು ಹೋಗಿ, ಮುಂದಿನ ವಾರ ಬೇರೊಂದು ಆಸ್ಪತ್ರೆಯಲ್ಲಿ ಹೊಟ್ಟೆನೋವೆಂದು ಬರೆಸಿಕೊಳ್ಳುವ ಸಂಭವ. ಕಥೆ ಆರಂಭವಾಗುವ ಮುನ್ನವೇ ತಾನು ಯಾವುದನ್ನು ಗುಟ್ಟಾಗಿಡಬಲ್ಲೆ, ಯಾವುದನ್ನು ಇಡಲಾರೆ, ವರದಿಯಾದ ಮೇಲೆ ಯಾರು ಬರುತ್ತಾರೆ, ಆಗ ತಾನೂ ಜೊತೆಯಲ್ಲಿರುವೆನೋ ಇಲ್ಲವೋ ಎಂಬುದನ್ನು ಬಿಚ್ಚಿ ಹೇಳಿ, ಅನಂತರ ಹುಡುಗಿಯೇ ನಿರ್ಧರಿಸಲೆಂದು ಕಾಯುವ ಸಲಹೆಗಾರ್ತಿಯರಿದ್ದಾರೆ. ಹಾಗೆ ಕಾಯುವುದಕ್ಕೆ ಒಂದೇ ಭೇಟಿ ಸಾಲದು, ಮೂರು ನಾಲ್ಕು ಬೇಕಾಗುತ್ತವೆ; ಆ ಭೇಟಿಗಳಿಗೆ ಅದೇ ಸಲಹೆಗಾರ್ತಿ ಅದೇ ಕುರ್ಚಿಯಲ್ಲಿ ಇರಬೇಕಾದರೆ, ವರ್ಷಕ್ಕೊಮ್ಮೆ ಮುಗಿಯುವ ಗುತ್ತಿಗೆಯ ಮೇಲೆ, ತಿಂಗಳುಗಟ್ಟಲೆ ಬಾರದ ಗೌರವಧನವನ್ನು ನಂಬಿ ಆಕೆಯನ್ನು ನೇಮಿಸುವ ಪದ್ಧತಿಯನ್ನು ಸರಕಾರಗಳು ಮೊದಲು ಬಿಡಬೇಕಾಗುತ್ತದೆ.